ನಡುವೆ ಕತ್ತರಿಸಿದ ಅಚ್ಚು

ನಿಂತಿರುವ ಯಾವುದಾದರೂ ಲಾರಿಯ ಮುಂದೆ ಬಗ್ಗಿ ನೋಡಿ. ಒಂದು ಗಾಲಿಯಿಂದ ಇನ್ನೊಂದು ಗಾಲಿಗೆ ಹಾಯ್ದಿರುವ ಉಕ್ಕಿನ ದಪ್ಪ ಅಚ್ಚು ಕಾಣುತ್ತದೆ. ಅದರ ಮೇಲೆ ಎರಡು ಕಡೆಯೂ ಕಮಾನು ಪಟ್ಟಿಗಳು ಕೂತಿರುತ್ತವೆ. ಹೆನ್ರಿ ಫೋರ್ಡ್ 1908ರಲ್ಲಿ ಮಾಡೆಲ್ ಟಿ ಕಾರನ್ನು ರಸ್ತೆಗಿಳಿಸಿದಾಗ ಅದರ ಮುಂದೆಯೂ ಇಂಥದ್ದೇ ಅಚ್ಚಿತ್ತು. ಆದರೆ ಪಟ್ಟಿ ಎರಡಲ್ಲ, ಒಂದೇ. ಉದ್ದಕ್ಕೆ ಇರಬೇಕಾದ್ದನ್ನು ಫೋರ್ಡ್ ಅಡ್ಡಕ್ಕೆ ಮಲಗಿಸಿ, ಅದರ ನಡುಭಾಗವನ್ನು ಚಾಸಿಗೆ ಬಿಗಿದು, ಎರಡು ತುದಿಗಳನ್ನು ಅಚ್ಚಿಗೆ ತೂಗುಹಾಕಿದ್ದರು. ಅಗ್ಗ, ಹಗುರ, ಕೆಸರಿನ ರಸ್ತೆಯಲ್ಲೂ ಮುರಿಯದ ಏರ್ಪಾಡು. ಅಮೆರಿಕದ ಫೋರ್ಡ್ ಕಾರುಗಳು 1948ರವರೆಗೂ ಇದನ್ನು ಬಿಡಲಿಲ್ಲ. ಇಂಗ್ಲೆಂಡಿನ ಫೋರ್ಡ್ ಕಂಪನಿಯಂತೂ 1959ರವರೆಗೆ ತನ್ನ ಅಗ್ಗದ ‘ಪಾಪ್ಯುಲರ್’ ಕಾರಿಗೆ ಇದನ್ನೇ ಕೊಟ್ಟಿತು. ಹಾಗಾಗಿ ಆ ದೇಶದ ಗುಜರಿಗಳಲ್ಲಿ ಫೋರ್ಡ್ ಅಚ್ಚುಗಳಿಗೆ ಬರವೇ ಇರಲಿಲ್ಲ. ಕೈಯಲ್ಲಿ ಹಣವಿಲ್ಲದೆ, ತಲೆಯಲ್ಲಿ ವೇಗದ ಹುಚ್ಚಿದ್ದವರು ಸ್ವಂತ ಕಾರು ಕಟ್ಟಲು ಹೊರಟಾಗ ಮೊದಲು ಕೈಗೆ ಸಿಗುತ್ತಿದ್ದದ್ದೇ ಅದು.

ಸಿಕ್ಕಿದ್ದೇನೋ ಸಿಕ್ಕಿತು, ಆದರೆ ವೇಗಕ್ಕೆ ಅದು ಒಗ್ಗುತ್ತಿರಲಿಲ್ಲ. ಹೆಗಲ ಮೇಲಿನ ಕಾವಡಿಯ ಒಂದು ತುದಿ ಎದ್ದರೆ ಇನ್ನೊಂದು ತುದಿಯೂ ವಾಲಲೇಬೇಕು. ಅಚ್ಚಿನದೂ ಅದೇ ಪಾಡು. ಎಡಗಾಲಿ ಕಲ್ಲು ಹತ್ತಿದರೆ ಬಲಗಾಲಿಯೂ ಓರೆಯಾಗುತ್ತದೆ. ಜೋರಾಗಿ ತಿರುಗುವ ಗಾಲಿಯನ್ನು ಓರೆ ಮಾಡಿದರೆ ಅದು ಸುಮ್ಮನಿರದೆ ಪಕ್ಕಕ್ಕೆ ತಿರುಗಲು ಹವಣಿಸುತ್ತದೆ. ಎರಡೂ ಗಾಲಿಗಳು ಹೀಗೆ ಒಟ್ಟಿಗೆ ತಿರುಗಲು ಹೊರಟಾಗ ಸ್ಟೇರಿಂಗ್ ಕೈಯಲ್ಲಿ ನಡುಗುತ್ತದೆ. ಇದರ ಜೊತೆಗೆ ಫೋರ್ಡ್ ಏರ್ಪಾಡಿಗೇ ವಿಶೇಷವಾದ ಇನ್ನೊಂದು ಕಾಟವಿತ್ತು. ಪಟ್ಟಿಯ ತುದಿಗಳು ಶ್ಯಾಕಲ್ ಎಂಬ ತೂಗುಕೊಂಡಿಗಳಲ್ಲಿ ತೂಗುತ್ತಿದ್ದುದರಿಂದ ತಿರುವಿನಲ್ಲಿ ಕಾರಿನ ಮೈ ಅಚ್ಚಿನ ಮೇಲೆ ಅತ್ತಿತ್ತ ಜರುಗುತ್ತಿತ್ತು. ಚಾಲಕ ಸ್ಟೇರಿಂಗ್ ತಿರುಗಿಸಿದ ಮೇಲೆ ಕಾರು ಒಂದು ಗಳಿಗೆ ಯೋಚಿಸಿ ಆಮೇಲೆ ತಿರುಗುತ್ತಿತ್ತು.

1930ರ ದಶಕದಲ್ಲಿ ಇದಕ್ಕೊಂದು ಮದ್ದು ಕಂಡುಕೊಂಡವರು ಲೆಸ್ಲಿ ಬಲ್ಲಾಮಿ ಎಂಬ ಇಂಗ್ಲಿಷ್ ಎಂಜಿನಿಯರ್. ಅವರ ಮದ್ದು ಗರಗಸ. ಅಚ್ಚನ್ನು ಸರಿಯಾಗಿ ನಡುವೆ ಎರಡು ತುಂಡು ಮಾಡಿ, ಕತ್ತರಿಸಿದ ತುದಿಗಳಿಗೆ ಬುಶ್ ಕೂರುವಂತೆ ಕಣ್ಣು ಮಾಡಿ, ಎರಡನ್ನೂ ಚಾಸಿಯ ಮುಂದಿನ ಅಡ್ಡತೊಲೆಯ ಕೆಳಗೆ ಪಿನ್ ಹಾಕಿ ತೂಗಿಬಿಟ್ಟರು. ಗಾಲಿ ಎಡಬಲಕ್ಕೆ ತಿರುಗುವ ಕಿಂಗ್ ಪಿನ್, ಸ್ಟಬ್ ಆಕ್ಸೆಲ್, ಹಬ್, ಬ್ರೇಕ್ ಎಲ್ಲವೂ ಫೋರ್ಡ್‌ನವೇ. ಹೊಸದಾಗಿ ಎರಕ ಹೊಯ್ಯುವ, ದುಬಾರಿ ಭಾಗ ಕೊಳ್ಳುವ ಗೋಜಿಲ್ಲದೆ ಎರಡೂ ಗಾಲಿಗಳು ಸ್ವತಂತ್ರವಾದವು.

ನನಗೆ ಇದರಲ್ಲಿ ಹಿಡಿಸುವುದು ಬಲ್ಲಾಮಿಯ ನೋಡುವ ಕಣ್ಣು. ಅಡ್ಡಪಟ್ಟಿಯ ನಡುವನ್ನು ಫೋರ್ಡ್ ಮೊದಲೇ ಚಾಸಿಗೆ ಬಿಗಿದಿದ್ದರಿಂದ ಅದರ ಎಡ ಅರ್ಧ ಎಡಗಾಲಿಗೆ, ಬಲ ಅರ್ಧ ಬಲಗಾಲಿಗೆ ತಂತಮ್ಮಷ್ಟಕ್ಕೆ ಕೆಲಸ ಮಾಡುತ್ತಿದ್ದವು. ಸ್ಪ್ರಿಂಗ್ ಆಗಲೇ ಪಾಲಾಗಿತ್ತು. ಎರಡು ಗಾಲಿಗಳನ್ನು ಒಂದಕ್ಕೊಂದು ಕಟ್ಟಿಹಾಕಿದ್ದು ಅಚ್ಚು ಮಾತ್ರ. ಲಕ್ಷಗಟ್ಟಲೆ ಜನ ಓಡಿಸಿದ, ಸಾವಿರಾರು ಮೆಕ್ಯಾನಿಕ್‌ಗಳು ಬಿಚ್ಚಿ ಜೋಡಿಸಿದ ಏರ್ಪಾಡಿನಲ್ಲಿ ಇದು ಬಲ್ಲಾಮಿಯ ಕಣ್ಣಿಗೆ ಬಿತ್ತು. ಪಿನ್ನಿನಲ್ಲಿ ಸಿಕ್ಕಿಸಿದ ಅರ್ಧ ಅಚ್ಚು ಪಕ್ಕಕ್ಕೆ ಜರುಗುವ ಹಾಗೂ ಇಲ್ಲವಾದ್ದರಿಂದ ಮೈ ಜರುಗುವ ರೋಗವೂ ಅದೇ ಗರಗಸಕ್ಕೆ ವಾಸಿಯಾಯಿತು.

ಹಾಗೆಂದು ಕತ್ತರಿಸಿ ತೂಗಿಬಿಟ್ಟರೆ ಕೆಲಸ ಮುಗಿಯಲಿಲ್ಲ. ಬ್ರೇಕ್ ಒತ್ತಿದಾಗ ಅಚ್ಚು ಹಿಂದಕ್ಕೆ ಹೋಗದಂತೆ, ಮಗುಚಿಕೊಳ್ಳದಂತೆ ಫೋರ್ಡ್‌ನಲ್ಲಿ ವಿ ಆಕಾರದ ರೇಡಿಯಸ್ ರಾಡ್ ಇತ್ತು. ಅದರ ಎರಡು ಕಾಲುಗಳು ಹಿಂದೆ ಒಂದೇ ಗುಂಡಿನ ಕೀಲಿಗೆ ಸೇರುತ್ತಿದ್ದವು. ಈಗ ಅದನ್ನೂ ಸೀಳಿ, ಪ್ರತಿ ಅರ್ಧಕ್ಕೂ ಅದರದೇ ರಾಡು, ಅದರದೇ ಕೀಲು ಕೊಡಬೇಕು. ಅಚ್ಚಿನ ಪಿನ್ ಮತ್ತು ರಾಡಿನ ಕೀಲು, ಈ ಎರಡು ಬಿಂದುಗಳ ನಡುವಿನ ಗೆರೆಯ ಸುತ್ತ ಗಾಲಿ ಏಳುತ್ತದೆ, ಇಳಿಯುತ್ತದೆ. ಕೀಲನ್ನು ಕಂಡಕಂಡಲ್ಲಿ ಇಟ್ಟರೆ ಗಾಲಿ ಏಳುವಾಗ ಕಿಂಗ್ ಪಿನ್ನಿನ ಓರೆಯೂ ಬದಲಾಗುತ್ತದೆ. ಎರಡೂ ಗಾಲಿಗಳನ್ನು ಒಟ್ಟಿಗೆ ತಿರುಗಿಸುವ ಟ್ರ್ಯಾಕ್ ರಾಡಿನದು ಇನ್ನೊಂದು ತಕರಾರು. ಅಚ್ಚು ತುಂಡಾಗಿ ಟ್ರ್ಯಾಕ್ ರಾಡ್ ಒಂದೇ ಆಗಿ ಉಳಿದರೆ ಪ್ರತಿ ಗುಂಡಿಗೂ ಗಾಲಿಗಳು ತಾವಾಗಿ ತಿರುಗುತ್ತವೆ. ಅದನ್ನೂ ಪಾಲು ಮಾಡಿ, ಒಳಗಿನ ಕೀಲುಗಳು ಅಚ್ಚಿನ ಪಿನ್ನುಗಳ ಸಾಲಿನಲ್ಲೇ ಇರುವಂತೆ ನೋಡಿಕೊಳ್ಳಬೇಕು. ಮನೆಯಲ್ಲಿ ಕಾರು ಕಟ್ಟಿದವರು ಎಡವಿದ್ದು ಹೆಚ್ಚಾಗಿ ಇಲ್ಲೇ ಇರಬೇಕು. ಕತ್ತರಿಸುವುದು ಎಲ್ಲರಿಗೂ ಬರುತ್ತದೆ.

ಈ ಅಚ್ಚಿಗೆ ಹೆಸರು ತಂದವರು ಸಿಡ್ನಿ ಅಲಾರ್ಡ್. ಲಂಡನ್ನಿನಲ್ಲಿ ಫೋರ್ಡ್ ಮಾರಾಟ ಮತ್ತು ರಿಪೇರಿಯ ಗ್ಯಾರೇಜು ನಡೆಸುತ್ತಿದ್ದ ಇವರು, ಕೆಸರಿನ ಏರು ಹತ್ತುವ ಸ್ಪರ್ಧೆಗಳ ಗೀಳಿಗೆ ಬಿದ್ದು 1936ರಲ್ಲಿ ಒಂದು ಕಾರು ಕಟ್ಟಿದರು. ಅಪಘಾತದಲ್ಲಿ ಜಜ್ಜಿಹೋಗಿದ್ದ ಫೋರ್ಡ್ ವಿ-8 ಕಾರಿನ ಎಂಜಿನ್ನು, ಚಾಸಿ. ರೇಸಿಂಗ್ ಬುಗಾಟಿಯೊಂದರಿಂದ ಬಿಚ್ಚಿದ ಹಿಂಭಾಗದ ಮೈ. ಮುಂದೆ ಬಲ್ಲಾಮಿಯ ತುಂಡು ಅಚ್ಚು. ಆಮೇಲೆ ಯುದ್ಧ ಬಂತು. ಅಲಾರ್ಡರ ಗ್ಯಾರೇಜು ಸೈನ್ಯದ ಫೋರ್ಡ್ ಟ್ರಕ್ಕು, ವಾಹನಗಳ ರಿಪೇರಿಗೆ ನಿಂತಿತು. ಯುದ್ಧ ಮುಗಿದಾಗ ಉಕ್ಕಿಗೆ ಪರ್ಮಿಟ್ಟು, ಎಲ್ಲಕ್ಕೂ ಅಭಾವ. ಇವರಲ್ಲಿ ಮಾತ್ರ ಫೋರ್ಡ್ ಭಾಗಗಳ ರಾಶಿ. ಆ ರಾಶಿಯಿಂದಲೇ 1946ರಲ್ಲಿ ಅಲಾರ್ಡ್ ಕಾರುಗಳು ಮಾರಾಟಕ್ಕೆ ಬಂದವು, ಮುಂದೆ ಅದೇ ತುಂಡು ಅಚ್ಚು ಹೊತ್ತು. ಮುಂದಿನ ಜೆ-2 ಮಾದರಿಯಲ್ಲಿ ಅಡ್ಡಪಟ್ಟಿ ಹೋಗಿ ಕಾಯಿಲ್ ಸ್ಪ್ರಿಂಗ್ ಬಂತು, ಅಚ್ಚು ಹಾಗೇ ಉಳಿಯಿತು. ಕ್ಯಾಡಿಲಾಕ್ ಎಂಜಿನ್ ಹೂಡಿದ ಜೆ-2ನಲ್ಲಿ ಅಲಾರ್ಡ್ ಮತ್ತು ಟಾಮ್ ಕೋಲ್ 1950ರ ಲೆ ಮಾನ್ 24 ಗಂಟೆಗಳ ರೇಸಿನಲ್ಲಿ ಮೂರನೆಯವರಾಗಿ ಬಂದರು. 1952ರ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಅಲಾರ್ಡ್ ತಮ್ಮದೇ ಹೆಸರಿನ ಕಾರಿನಲ್ಲಿ ಗೆದ್ದರು. ಎರಡನೆಯವರು ರೇಸ್ ಚಾಲಕ ಸ್ಟರ್ಲಿಂಗ್ ಮಾಸ್.

ಆ ಕಾಲದ ರೇಸಿನ ಫೋಟೋಗಳಲ್ಲಿ ಅಲಾರ್ಡ್ ಕಾರನ್ನು ಗುರುತಿಸುವುದು ಸುಲಭ. ತಿರುವಿನಲ್ಲಿ ಮುಂದಿನ ಗಾಲಿಗಳು ವಿಚಿತ್ರವಾಗಿ ಸೊಟ್ಟಗೆ ನಿಂತಿರುತ್ತವೆ. ಕಾರಣ ಲೆಕ್ಕದಲ್ಲೇ ಇದೆ. ಫೋರ್ಡ್ ಟೆನ್‌ನಂಥ ಚಿಕ್ಕ ಕಾರಿನಲ್ಲಿ ಗಾಲಿಯಿಂದ ಗಾಲಿಗೆ ಸುಮಾರು 114 ಸೆಂಟಿಮೀಟರ್. ಇಡೀ ಅಚ್ಚಿದ್ದಾಗ ಒಂದು ಗಾಲಿ 5 ಸೆಂಟಿಮೀಟರ್ ಎದ್ದರೆ ಅಚ್ಚು ಎರಡೂವರೆ ಡಿಗ್ರಿ ವಾಲುತ್ತದೆ. ಅರ್ಧ ಮಾಡಿದರೆ ಅಷ್ಟೇ ಏರಿಕೆಗೆ ಆ ಗಾಲಿ 5 ಡಿಗ್ರಿ ವಾಲುತ್ತದೆ. ಪಕ್ಕದ ಗಾಲಿಗೆ ನೆಮ್ಮದಿ ಸಿಕ್ಕಿತು, ಈ ಗಾಲಿಯ ಪಾಲಿಗೆ ಓರೆ ಇಮ್ಮಡಿಯಾಯಿತು. ಬಲ್ಲಾಮಿಯ ಅಚ್ಚನ್ನು ಹೊಗಳುವವರು ಈ ಲೆಕ್ಕವನ್ನು ಮೆಲ್ಲಗೆ ದಾಟಿಹೋಗುತ್ತಾರೆ.

ಕಾಲಿನ್ ಚಾಪ್‌ಮನ್ ದಾಟಿಹೋಗುವವರಲ್ಲ. ಹಳೆಯ ಆಸ್ಟಿನ್ ಸೆವೆನ್ ಬಿಚ್ಚಿ 1948ರಲ್ಲಿ ಮೊದಲ ಕಾರು ಕಟ್ಟಿದ್ದ ಈ ತರುಣ ಎಂಜಿನಿಯರ್, 1952ರಲ್ಲಿ ಉತ್ತರ ಲಂಡನ್ನಿನ ಹಾರ್ನ್ಸೀಯಲ್ಲಿ, ತಂದೆಯ ಹೋಟೆಲಿನ ಹಿಂದಿನ ಕುದುರೆಲಾಯದಲ್ಲಿ ಲೋಟಸ್ ಕಾರ್ಖಾನೆ ಶುರುಮಾಡಿದರು. ಅಲ್ಲಿಂದ ಹೊರಬಂದ ಮಾರ್ಕ್ ಸಿಕ್ಸ್‌ನ ಚೌಕಟ್ಟು ತೆಳು ಉಕ್ಕಿನ ಕೊಳವೆಗಳದು. ತೂಕ ಸುಮಾರು 25 ಕಿಲೋ. ಮುಂದೆ? ಮತ್ತದೇ ಫೋರ್ಡ್ ಅಚ್ಚು, ನಡುವೆ ತುಂಡು ಮಾಡಿದ್ದು, ಕಾಯಿಲ್ ಸ್ಪ್ರಿಂಗ್ ಹಾಕಿದ್ದು. ಇದರ ಹಿಂದೆ ತೆರಿಗೆಯ ಗಣಿತವೂ ಇತ್ತು. ಪೂರ್ತಿ ಕಾರು ಕೊಂಡರೆ ಸರ್ಕಾರಕ್ಕೆ ಪರ್ಚೇಸ್ ಟ್ಯಾಕ್ಸ್ ಕಟ್ಟಬೇಕಿತ್ತು; ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಆ ತೆರಿಗೆ ಇರಲಿಲ್ಲ. ಹಾಗಾಗಿ ಲೋಟಸ್ ಚೌಕಟ್ಟು ಕೊಡುತ್ತಿತ್ತು, ಗಿರಾಕಿ ಹಳೆಯ ಫೋರ್ಡ್‌ನಿಂದ 1,172 ಸಿಸಿ ಎಂಜಿನ್ನು, ಅಚ್ಚು, ಬ್ರೇಕುಗಳನ್ನು ತಾನೇ ಹುಡುಕಿ ತರುತ್ತಿದ್ದ. ಅಚ್ಚನ್ನು ಕತ್ತರಿಸಿ ಮಾರ್ಪಡಿಸಿದರೆ ಸಾಕು, ಉಳಿದದ್ದು ಸ್ಪ್ಯಾನರ್ ಕೆಲಸ. ಅಲಾರ್ಡ್ ಕಾರಿನ ಮೈಭಾರಕ್ಕೆ ಎದ್ದು ಕಾಣುತ್ತಿದ್ದ ದೋಷ ಈ ಹಗುರ, ತಗ್ಗು ಕಾರಿನಲ್ಲಿ ಅಷ್ಟಾಗಿ ಕಾಡಲಿಲ್ಲ. ಲೋಟಸ್ ಇಲೆವೆನ್‌ನ ಮೊದಲ ಸರಣಿಯೂ ಇದೇ ಅಚ್ಚಿನ ಮೇಲೆ ಓಡಿ 1956ರ ಲೆ ಮಾನ್‌ನಲ್ಲಿ 1,100 ಸಿಸಿ ವರ್ಗವನ್ನು ಗೆದ್ದಿತು, ಒಟ್ಟಾರೆ ಏಳನೆಯದಾಗಿ.

ಮರುವರ್ಷವೇ ಚಾಪ್‌ಮನ್ ಅದನ್ನು ಕೈಬಿಟ್ಟರು. 1957ರ ಲೋಟಸ್ 12, ಇಲೆವೆನ್‌ನ ಎರಡನೇ ಸರಣಿ, ಹೆಸರಾಂತ ಸೆವೆನ್, ಎಲ್ಲಕ್ಕೂ ಮೇಲೊಂದು ಕೆಳಗೊಂದು ವಿಶ್‌ಬೋನ್ ಎಂಬ ಕವಲು ತೋಳು ಬಂತು. ಎರವಲಿನ ಅಭ್ಯಾಸ ಮಾತ್ರ ಹೋಗಲಿಲ್ಲ: ಗಾಲಿಯನ್ನು ಹೊರುವ ಅಪ್‌ರೈಟನ್ನು ಸ್ಟ್ಯಾಂಡರ್ಡ್ ಕಂಪನಿಯ ಸಾಧಾರಣ ಕಾರಿನಿಂದ ತಂದರು, ಕಾರು ಓಲದಂತೆ ತಡೆಯುವ ಆಂಟಿ-ರೋಲ್ ಬಾರನ್ನೇ ಮೇಲಿನ ವಿಶ್‌ಬೋನಿನ ಒಂದು ತೋಳಾಗಿಯೂ ದುಡಿಸಿದರು.

ಸ್ಪೋರ್ಟ್ಸ್ ಕಾರುಗಳು ಬಿಟ್ಟ ಉಪಾಯ ಟ್ರಕ್ಕಿನ ಕೆಳಗೆ ಮತ್ತೆ ಕಂಡಿತು. 1965ರ ಮಾದರಿಯ ಅಮೆರಿಕನ್ ಪಿಕಪ್‌ಗಳಿಗೆ ಫೋರ್ಡ್ ಕಂಪನಿಯೇ ‘ಟ್ವಿನ್ ಐ-ಬೀಮ್’ ಹಾಕಿತು: ಎರಡು ಅಚ್ಚುಗಳು, ಎರಡು ಕಾಯಿಲ್ ಸ್ಪ್ರಿಂಗ್‌ಗಳು, ಎರಡು ರೇಡಿಯಸ್ ಆರ್ಮ್‌ಗಳು. ಬಲ್ಲಾಮಿಯ ಲೆಕ್ಕಕ್ಕೆ ಇಲ್ಲಿ ಒಂದು ತಿದ್ದುಪಡಿ ಇತ್ತು. ಅಚ್ಚುಗಳು ನಡುವಿನಲ್ಲಿ ನಿಲ್ಲದೆ ಒಂದರ ಪಕ್ಕ ಒಂದು ಹಾದು ಎದುರು ಬದಿಗೆ ಹೋಗಿ, ಎಡಗಾಲಿಯದು ಬಲಕ್ಕೆ, ಬಲಗಾಲಿಯದು ಎಡಕ್ಕೆ ಪಿನ್ನಾಗುತ್ತವೆ. ತೋಳು ಉದ್ದವಾದಷ್ಟೂ ಓರೆ ಕಡಿಮೆ. ಒಂದು ಮೀಟರ್ ಉದ್ದದ ತೋಳಿಗೆ ಅದೇ 5 ಸೆಂಟಿಮೀಟರ್ ಏರಿಕೆಯಲ್ಲಿ ಮೂರು ಡಿಗ್ರಿಯೂ ಆಗುವುದಿಲ್ಲ. ಗರಗಸ ಹಿಡಿದು ಹೊರಟವನಿಗೆ ಈ ದಾರಿ ಇರಲಿಲ್ಲ. ಇದ್ದ ಒಂದೇ ಅಚ್ಚನ್ನು ಎರಡು ಮಾಡಿದರೆ ಸಿಗುವುದು ಎರಡು ಗಿಡ್ಡ ತುಂಡುಗಳೇ. ಎರಡು ಉದ್ದನೆಯ ಅಚ್ಚುಗಳನ್ನು ಹೊಸದಾಗಿ ಬಡಿದು ಮಾಡಲು ಕಾರ್ಖಾನೆಯೇ ಬೇಕು.

ಎಫ್-150 ಪಿಕಪ್ಪಿನಲ್ಲಿ ಈ ಜೋಡಿ ಅಚ್ಚು 1996ರ ಮಾದರಿಯವರೆಗೂ ಉಳಿಯಿತು. ಗಟ್ಟಿಮುಟ್ಟು ಎಂದು ಮಾಲೀಕರು ಹೊಗಳಿದರು, ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆಂದು ಬೈದದ್ದೂ ಉಂಟು. ಹಳೆಯ ಮಾದರಿಗಳಲ್ಲಿ ಗಾಲಿಯ ಓರೆಯನ್ನು, ಅಂದರೆ ಕ್ಯಾಂಬರನ್ನು, ಸರಿಪಡಿಸಲು ತಿರುಪು, ಶಿಮ್ ಏನೂ ಇರಲಿಲ್ಲ. ಅಲೈನ್‌ಮೆಂಟ್ ಅಂಗಡಿಯವರು ಅಚ್ಚಿಗೆ ಸರಪಳಿ ಬಿಗಿದು, ಹೈಡ್ರಾಲಿಕ್ ಜಾಕ್ ಕೊಟ್ಟು, ಕಾಯಿಸದೆ ತಣ್ಣಗಿರುವಾಗಲೇ ಬೇಕಾದಷ್ಟು ಬಗ್ಗಿಸಿ ಗಾಲಿ ನೆಟ್ಟಗೆ ಮಾಡಿ ಕಳಿಸುತ್ತಿದ್ದರು.