ಮುಟ್ಟು ನಿಂತ ಮೇಲೆ ಮೂಳೆಯ ಕಾಳಜಿ



ಮುಟ್ಟು ನಿಂತ ಮೇಲೆ ನಮ್ಮ ದೇಹದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗಿ ಮೂಳೆ ಬೇಗ ಸವೆಯುತ್ತದೆ. ನೋವೇನೂ ಇರೋದಿಲ್ಲ, ಬಚ್ಚಲಲ್ಲಿ ಜಾರಿ ಬಿದ್ದು ಕೈಯೋ ಸೊಂಟವೋ ಮುರಿದಾಗಲೇ ಗೊತ್ತಾಗೋದು.

ಈ ವಯಸ್ಸಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಕ್ಕಿಯಲ್ಲಿ ಸುಮಾರು 10 ಮಾತ್ರ. ನುಗ್ಗೆಸೊಪ್ಪು, ಹುರುಳಿಕಾಳು, ಸಿಪ್ಪೆ ತೆಗೆಯದ ಎಳ್ಳಿನ ಚಟ್ನಿಪುಡಿಯೂ ಒಳ್ಳೆಯದು. ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು. ಅದಕ್ಕೆ ದಿನವೂ ಸ್ವಲ್ಪ ಹೊತ್ತು ಬಿಸಿಲಲ್ಲಿ ನಡೆಯೋಣ.

ಎಲ್ಲರಿಗೂ ಬಡಿಸಿ, ಉಳಿದ ಅನ್ನ-ಸಾರಲ್ಲೇ ನಮ್ಮ ಊಟ ಮುಗಿಸುವುದು ಬೇಡ. ಒಂದು ಮುದ್ದೆ, ಒಂದಿಷ್ಟು ಸೊಪ್ಪು ನಮ್ಮ ಪಾಲಿಗೂ ಇರಲಿ. ಸಣ್ಣ ಪೆಟ್ಟಿಗೇ ಮೂಳೆ ಮುರಿದವರಿಗೆ ಊಟವೊಂದೇ ಸಾಲದು; ಡಾಕ್ಟರನ್ನು ಕಾಣಲೇಬೇಕು.