ಚೌಕ ತಿರುಗಿಸಿ ಏರಿದ ಎತ್ತರ

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಇಳಿಯುವ ಪ್ರವಾಸಿಗಳಲ್ಲಿ ಹೆಚ್ಚಿನವರು ಹಳೇಬೀಡು, ಬೇಲೂರಿನ ದಾರಿ ಹಿಡಿದು ಹೊರಟುಬಿಡುತ್ತಾರೆ. ಊರೊಳಗಿನ ಈಶ್ವರ ದೇವಾಲಯಕ್ಕೆ ಹೋಗುವವರು ಕಡಿಮೆ. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹೊಯ್ಸಳ ದೇಗುಲಗಳು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದವು. ಅರಸೀಕೆರೆಗೆ ಅದರಲ್ಲಿ ಜಾಗವಿಲ್ಲ. ಶಿಲ್ಪಗಳನ್ನು ನೋಡುವುದಾದರೆ ಹಳೇಬೀಡಿನ ಗೋಡೆಯ ಮುಂದೆ ಅರಸೀಕೆರೆಯ ಗೋಡೆ ಸರಳವೇ. ಆದರೆ ನೆಲನಕ್ಷೆಯ ಮಾತು ಬಂದರೆ, 1220ರ ಸುಮಾರಿಗೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಎದ್ದ ಈ ಗುಡಿ ಹೊಯ್ಸಳರ ಅತ್ಯಂತ ಜಟಿಲ ರಚನೆಗಳ ಸಾಲಿನಲ್ಲಿ ನಿಲ್ಲುತ್ತದೆ. ಗರ್ಭಗುಡಿಯ ಹೊರಗೋಡೆ ಹದಿನಾರು ಮೂಲೆಗಳ ನಕ್ಷತ್ರದ ನಕ್ಷೆಯದು. ಮುಂದಿನ ತೆರೆದ ಮಂಟಪವೂ ನಕ್ಷತ್ರವೇ.

ಬುರ್ಜ್ ಖಲೀಫಾದಂಥ ಕಟ್ಟಡ ಹೇಗೆ ನಿಂತಿದೆ ಎಂದು ತಿಳಿಯಬಯಸುವ ವಿದ್ಯಾರ್ಥಿಗೆ ಈ ಗುಡಿಯನ್ನೇ ಮೊದಲು ತೋರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎತ್ತರದ ಕಟ್ಟಡದ ವಿದ್ಯೆಯಲ್ಲಿ ಬಳಸುವ ವಸ್ತುವಿನಷ್ಟೇ ಮುಖ್ಯವಾದದ್ದು ಆಕಾರ. ಆಕಾರವನ್ನು ತಿರುಗಿಸುವುದು, ಮೂಲೆಯನ್ನು ಒಡೆಯುವುದು, ಅಂಚನ್ನು ಒಳಸರಿಸುವುದು ಇವೆಲ್ಲ ಅರಸೀಕೆರೆಯಲ್ಲಿ ಕೈಗೆ ಸಿಗುವ ಎತ್ತರದಲ್ಲೇ ಇವೆ.

ನಕ್ಷತ್ರವನ್ನು ಬಿಡಿಸುವ ಬಗೆ ಹೀಗೆ. ನೆಲದ ಮೇಲೆ ಒಂದು ಚೌಕ ಹಾಕಿ, ಅದರ ನಡುಮಧ್ಯಕ್ಕೆ ಗೂಟ ಹೊಡೆಯಿರಿ. ಗೂಟದ ಸುತ್ತ ಅದೇ ಚೌಕವನ್ನು 45 ಡಿಗ್ರಿ ತಿರುಗಿಸಿ ಮತ್ತೊಮ್ಮೆ ಬರೆಯಿರಿ. ಒಳಗೆರೆಗಳನ್ನು ಅಳಿಸಿದರೆ ಎಂಟು ಮೂಲೆಯ ನಕ್ಷತ್ರ ಉಳಿಯುತ್ತದೆ. ಚೌಕವನ್ನು ಇಪ್ಪತ್ತೆರಡೂವರೆ ಡಿಗ್ರಿಯಂತೆ ತಿರುಗಿಸುತ್ತ ನಾಲ್ಕು ಸಲ ಬರೆದರೆ ಹದಿನಾರು ಮೂಲೆ. ಚೌಕದ ಬದಿ 10 ಮೀಟರ್ ಇದ್ದರೆ ಅದರ ಗೋಡೆಯ ಸುತ್ತಳತೆ 40 ಮೀಟರ್. ಎಂಟು ಮೂಲೆಯ ನಕ್ಷತ್ರಕ್ಕೆ ಅದು ಸುಮಾರು 47 ಮೀಟರ್, ಹದಿನಾರಕ್ಕೆ 53 ಮೀಟರ್. ಶಿಲ್ಪ ಕೆತ್ತುವ ರೂವಾರಿಗೆ ಮೂರನೆಯ ಒಂದು ಭಾಗದಷ್ಟು ಗೋಡೆ ಹೆಚ್ಚುವರಿಯಾಗಿ ದೊರೆತಂತಾಯಿತು. ಇನ್ನೊಂದು ಅನುಕೂಲವೂ ಇದೆ. ಎಷ್ಟೇ ಸಲ ತಿರುಗಿಸಿದರೂ ಹೊರಚಾಚಿದ ಪ್ರತಿ ಮೂಲೆಯೂ ಚೌಕದ ಮೂಲೆಯೇ ಆಗಿರುತ್ತದೆ, ಅಂದರೆ ಸರಿಯಾಗಿ 90 ಡಿಗ್ರಿ. ಒಂದೇ ಮೂಲೆಮಟ್ಟ ಹಿಡಿದು ಎಲ್ಲ ಮೂಲೆಗಲ್ಲುಗಳನ್ನೂ ಕಡಿಯಬಹುದು. ಅರಸೀಕೆರೆಯವರು ಇಷ್ಟಕ್ಕೇ ನಿಲ್ಲಲಿಲ್ಲ. ಅಲ್ಲಿನ ಹದಿನಾರು ಮೂಲೆಗಳು ಒಂದೇ ಅಚ್ಚಿನವಲ್ಲ. ಬೇರೆ ಬೇರೆ ಬಗೆಯ ಮೂಲೆಗಳನ್ನು ಒಂದೇ ನಕ್ಷತ್ರದಲ್ಲಿ ಹೊಂದಿಸಿದ್ದಾರೆ. ಗುಡಿಯ ಸುತ್ತ ಬರುವಾಗ ಕಣ್ಣಿಗೆ ಒಂದು ಅನಿರೀಕ್ಷಿತ ಲಯ ಸಿಗುವುದು ಅದರಿಂದಲೇ.

ಇದೇ ಎಂಟು ಮೂಲೆಯ ನಕ್ಷತ್ರ ಕೌಲಾಲಂಪುರದಲ್ಲಿ 452 ಮೀಟರ್ ಎತ್ತರಕ್ಕೆ ಬೆಳೆದಿದೆ. 1998ರಲ್ಲಿ ಜಗತ್ತಿನ ಅತಿ ಎತ್ತರದ ಕಟ್ಟಡ ಎನಿಸಿದ ಪೆಟ್ರೋನಾಸ್ ಜೋಡಿ ಗೋಪುರಗಳ ನೆಲನಕ್ಷೆ ಎರಡು ಚೌಕಗಳನ್ನು ಒಂದರ ಮೇಲೊಂದು ತಿರುಗಿಸಿಟ್ಟದ್ದು. ವಾಸ್ತುಶಿಲ್ಪಿ ಸೀಸರ್ ಪೆಲ್ಲಿ ಅದನ್ನು ಇಸ್ಲಾಮೀ ಅಲಂಕಾರ ಕಲೆಯಿಂದ ತೆಗೆದುಕೊಂಡರು. ಬರೀ ನಕ್ಷತ್ರವಿಟ್ಟರೆ ಒಳಮೂಲೆಗಳಲ್ಲಿ ಬಾಡಿಗೆಗೆ ಕೊಡುವ ಜಾಗ ಕಡಿಮೆಯಾಗುತ್ತದೆಂದು, ಮೂಲೆಗಳ ನಡುವೆ ಎಂಟು ಕಮಾನುರೂಪದ ಉಬ್ಬುಗಳನ್ನು ಸೇರಿಸಿದರು. ಸುತ್ತಲೂ ಹದಿನಾರು ದುಂಡು ಕಂಬಗಳು, ನಡುವೆ ಕಾಂಕ್ರೀಟಿನ ಗಟ್ಟಿ ತಿರುಳು. 88 ಅಂತಸ್ತಿನ ಭಾರ ಇವೆರಡರ ಮೇಲೆ. ನೆಲ ಪರೀಕ್ಷಿಸಿದಾಗ ಕೆಳಗೆ ಸುಣ್ಣಕಲ್ಲಿನ ಪೊಳ್ಳುಗಳು ಸಿಕ್ಕಿ, ಗೋಪುರಗಳ ಜಾಗವನ್ನೇ ಸುಮಾರು 60 ಮೀಟರ್ ಆಚೆ ಸರಿಸಬೇಕಾಯಿತು. ಅಡಿಪಾಯದ ಪೈಲುಗಳು ನೂರು ಮೀಟರಿಗಿಂತ ಆಳಕ್ಕೆ ಇಳಿದಿವೆ.

ಒಂದೇ ರೇಖಾಗಣಿತ ಎರಡು ನಾಡುಗಳಲ್ಲಿ, ಏಳೆಂಟು ಶತಮಾನದ ಅಂತರದಲ್ಲಿ ಬಂದದ್ದು ಚೌಕದ ಗುಣದಿಂದಲೇ ಹೊರತು ಒಬ್ಬರಿಂದ ಒಬ್ಬರು ಕಲಿತದ್ದರಿಂದ ಅಲ್ಲ. ಹೊಯ್ಸಳ ಗುಡಿಗಳಲ್ಲಿ ಆಧುನಿಕ ವಾಯುವಿಜ್ಞಾನ ಅಡಗಿತ್ತು ಎನ್ನುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ತಗ್ಗಾದ, ಭಾರವಾದ ಕಲ್ಲುಗುಡಿಗೆ ಗಾಳಿಯ ಭಯವೇ ಇರಲಿಲ್ಲ. ಆ ಮೂಲೆಗಳು ಬಿಸಿಲಿಗಾಗಿ ಇವೆ: ಸೂರ್ಯ ಸರಿದಂತೆ ಒಂದು ಮಗ್ಗುಲು ಬೆಳಗಿ ಇನ್ನೊಂದು ಕಪ್ಪಾಗುತ್ತದೆ, ಮೂಲೆಗಳ ಸಾಲು ನೆಲದಿಂದ ಶಿಖರದವರೆಗೆ ನೆಟ್ಟಗೆ ಏರಿದಂತೆ ತೋರುತ್ತದೆ. ಇಲ್ಲದ ಸಾಮರ್ಥ್ಯವನ್ನು ಹೊರಿಸಿದರೆ ರೂವಾರಿಗಳ ನಿಜವಾದ ಜಾಣ್ಮೆ ಮರೆಯಾಗುತ್ತದೆ.

ಆ ಜಾಣ್ಮೆ ಕಾಣಬೇಕಾದರೆ ಮಂಟಪದೊಳಗೆ ಹೋಗಿ ತಲೆಯೆತ್ತಬೇಕು. ಕಲ್ಲು ಒತ್ತುವಿಕೆಯನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಎರಡು ಕಂಬಗಳ ಮೇಲೆ ಮಲಗಿಸಿದ ಕಲ್ಲಿನ ತೊಲೆ ತನ್ನ ಭಾರಕ್ಕೇ ಕೂದಲೆಳೆಯಷ್ಟು ಬಾಗುತ್ತದೆ. ಆಗ ಮೇಲ್ಮೈ ಒತ್ತಿಕೊಳ್ಳುತ್ತದೆ, ತಳಮೈ ಹಿಗ್ಗುತ್ತದೆ, ಬಿರುಕು ಹುಟ್ಟುವುದು ತಳದಲ್ಲೇ. ಹೊಯ್ಸಳರು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಡುಸಾಗುತ್ತದೆ. ಆದರೂ ಎಳೆತದ ದೌರ್ಬಲ್ಯ ಅದಕ್ಕೂ ತಪ್ಪಿದ್ದಲ್ಲ. ಹಾಗಾದರೆ ನಾಲ್ಕು ಕಂಬಗಳ ನಡುವಿನ ಅಗಲ ಜಾಗವನ್ನು ಮುಚ್ಚುವುದು ಹೇಗೆ? ಇಲ್ಲಿಯೂ ಚೌಕವನ್ನು ತಿರುಗಿಸುವುದೇ ಉಪಾಯ. ನಾಲ್ಕು ತೊಲೆಗಳ ಚೌಕದ ಪ್ರತಿ ಮೂಲೆಗೂ ಒಂದು ತ್ರಿಕೋನದ ಚಪ್ಪಡಿ ಕೂರಿಸುತ್ತಾರೆ. ನಡುವೆ ಉಳಿಯುವ ತೆರಪು 45 ಡಿಗ್ರಿ ತಿರುಗಿದ ಸಣ್ಣ ಚೌಕ. ವಿಸ್ತೀರ್ಣ ಮೊದಲಿನದರ ಅರ್ಧ. ಅದರ ಮೂಲೆಗಳಿಗೆ ಮತ್ತೆ ಚಪ್ಪಡಿ, ಮತ್ತೆ ಅರ್ಧ. ನಾಲ್ಕು ಮೀಟರಿನ ತೆರಪು ಎರಡೇ ವರಸೆಯಲ್ಲಿ ಎರಡು ಮೀಟರಿಗೆ ಇಳಿಯುತ್ತದೆ, ಆಮೇಲೆ ಒಂದು ಕೆತ್ತಿದ ಕಲ್ಲು ಸಾಕು. ಬೇಲೂರಿನ ನವರಂಗದ ನಡುವಿನ ಛಾವಣಿಯಾದ ಭುವನೇಶ್ವರಿಯಲ್ಲಿ ಮೂಲೆಗಳನ್ನು ಮುಚ್ಚುತ್ತ ಎಂಟು ಮುಖಕ್ಕೂ, ಅಲ್ಲಿಂದ ವೃತ್ತಕ್ಕೂ ದಾಟುವ ಕ್ರಮವನ್ನು ಕಾಣಬಹುದು. ಹೊರಗೋಡೆಯಲ್ಲಿ ಚೆಲುವಿಗಾಗಿ ತಿರುಗಿದ ಚೌಕ ಒಳಗೆ ಭಾರ ಹೊರುವುದಕ್ಕಾಗಿ ತಿರುಗಿದೆ.

ಇಷ್ಟೆಲ್ಲ ಬಲ್ಲವರು ಇನ್ನೂ ಎತ್ತರಕ್ಕೆ ಯಾಕೆ ಹೋಗಲಿಲ್ಲ? ಕಲ್ಲು ತನ್ನ ಭಾರಕ್ಕೇ ಪುಡಿಯಾಗುತ್ತದೆ ಎಂಬ ಉತ್ತರ ಸರಿಯಲ್ಲ. ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ. ಒಳ್ಳೆಯ ಗ್ರಾನೈಟ್ ಚದರ ಮೀಟರಿಗೆ 10,000 ಟನ್ ಒತ್ತಡವನ್ನು ತಾಳುತ್ತದೆ. ಬರೀ ಪುಡಿಯಾಗುವ ಲೆಕ್ಕ ಹಾಕಿದರೆ ಕಂಬ ಮೂರು ಕಿಲೋಮೀಟರ್ ದಾಟಬಹುದು. ತಡೆಯುವುದು ಬಾಗುವಿಕೆ. ಜೊತೆಗೆ, ಶಿಖರದ ಭಾರವೆಲ್ಲ ಗರ್ಭಗುಡಿಯ ತೊಲೆ, ಗೋಡೆಗಳ ಮೇಲೆ ಬೀಳುತ್ತದೆ. ಬೇಲೂರಿನ ಚೆನ್ನಕೇಶವ ಗುಡಿ ವಿಷ್ಣುವರ್ಧನನ ಕಾಲದ್ದು, 1117ರದು. ಅದರ ಮೇಲಿದ್ದ ಮರ, ಇಟ್ಟಿಗೆ, ಗಾರೆಯ ಶಿಖರವನ್ನು 1879ರಲ್ಲಿ ಕೆಳಗಿನ ರಚನೆಯನ್ನು ಉಳಿಸಿಕೊಳ್ಳಲೆಂದೇ ಇಳಿಸಿಬಿಟ್ಟರು. ಹಳೇಬೀಡಿನ ಹೊಯ್ಸಳೇಶ್ವರಕ್ಕೂ ಈಗ ಶಿಖರಗಳಿಲ್ಲ. ಅರಸೀಕೆರೆಯಲ್ಲಿ ಶಿಖರ ಉಳಿದಿರುವುದರಿಂದ ನಕ್ಷತ್ರ ಮೇಲಕ್ಕೆ ಹೇಗೆ ಕಿರಿದಾಗುತ್ತ ಹೋಗುತ್ತದೆಂದು ಕಣ್ಣಾರೆ ನೋಡಬಹುದು. ಅಲ್ಲಿಗೆ ಹೋಗಬೇಕು ಎನ್ನಲು ಇದೂ ಒಂದು ಕಾರಣ.

ಬೇಲೂರಿನ ಅಂಗಳದ 42 ಅಡಿಯ ಏಕಶಿಲಾ ದೀಪಸ್ತಂಭವನ್ನು ಎಲ್ಲರೂ ಬೆರಗಿನಿಂದ ನೋಡುತ್ತಾರೆ. ಜಗಲಿಯ ಮೇಲೆ ಅದನ್ನು ಹೂಳಿಲ್ಲ, ಬೆಸೆದಿಲ್ಲ, ಸುಮ್ಮನೆ ನಿಲ್ಲಿಸಿದ್ದಾರೆ. ಬುಡದ ಒಂದು ಅಂಚಿನಲ್ಲಿ ಸಂದು ಕಾಣುತ್ತದೆ. ಇದರಲ್ಲಿ ಪವಾಡವಿಲ್ಲ, ತೂಕವಿದೆ. ಉದಾಹರಣೆಗೆ ಒಂದು ಮೀಟರ್ ದಪ್ಪದ, 13 ಮೀಟರ್ ಎತ್ತರದ ಚೌಕ ಕಲ್ಲುಗಂಬವನ್ನು ತೆಗೆದುಕೊಳ್ಳಿ. ಅದರ ತೂಕ ಸುಮಾರು 35 ಟನ್. ಗಂಟೆಗೆ 144 ಕಿಲೋಮೀಟರ್ ವೇಗದ ಬಿರುಗಾಳಿ ಅದನ್ನು ತಳ್ಳುವ ಬಲ ಎರಡು, ಎರಡೂವರೆ ಟನ್ನಿನಷ್ಟು. ಉರುಳಿಸಲು ಅದು ಸಾಲದು. ಗುಡಿಗಳಿಗೂ ಇದೇ ರಕ್ಷಣೆ: ಅವು ಬಹುಪಾಲು ಕಲ್ಲೇ. ಇಂದಿನ ಗಗನಚುಂಬಿ ಹಾಗಲ್ಲ, ಅದರ ಒಡಲಿನ ಬಹುಭಾಗ ಬರೀ ಗಾಳಿ. ಕೋಣೆ, ಲಿಫ್ಟಿನ ಬಾವಿ, ಗಾಜು ಎಲ್ಲ ಸೇರಿಸಿ ತೂಗಿದರೂ ಅಷ್ಟೇ ಗಾತ್ರದ ಕಲ್ಲಿನ ಹತ್ತನೆಯ ಒಂದು ಭಾಗದ ಆಸುಪಾಸು. ಹಗುರ ಮೈ, ಅಪಾರ ಎತ್ತರ. ಅದು ಉರುಳುವುದಿಲ್ಲ, ಆದರೆ ತೂಗಾಡುತ್ತದೆ.

ಪ್ರತಿ ಕಟ್ಟಡಕ್ಕೂ ತನ್ನದೇ ಆದ ತೂಗಾಟದ ಅವಧಿಯಿದೆ. ಅಂತಸ್ತಿಗೆ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ಎಂಬುದು ಒರಟು ಲೆಕ್ಕ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ 1970ರ ದಶಕದಲ್ಲಿ ಎದ್ದ ಯುಟಿಲಿಟಿ ಬಿಲ್ಡಿಂಗ್‌ಗೆ 25 ಅಂತಸ್ತು. ಈ ಲೆಕ್ಕದಲ್ಲಿ ಅದರ ಅವಧಿ ಎರಡೂವರೆ ಸೆಕೆಂಡು. 828 ಮೀಟರ್ ಎತ್ತರದ ಬುರ್ಜ್ ಖಲೀಫಾದ ಅವಧಿ ಹನ್ನೊಂದು ಸೆಕೆಂಡಿಗೂ ತುಸು ಹೆಚ್ಚು. ಇನ್ನು ಗಾಳಿಯ ಕಡೆ ನೋಡೋಣ. ಚೌಕ ಕಟ್ಟಡದ ಮೂಲೆ ದಾಟಿದ ಗಾಳಿ ಹಿಂದೆ ಸುಳಿಯಾಗುತ್ತದೆ. ಸುಳಿಗಳು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಸರದಿಯಲ್ಲಿ ಕಳಚಿಕೊಳ್ಳುತ್ತವೆ. ಕಳಚಿದಾಗಲೆಲ್ಲ ಕಟ್ಟಡ ಅಡ್ಡಕ್ಕೆ ಸೆಳೆಯಲ್ಪಡುತ್ತದೆ. ನಲವತ್ತು ಮೀಟರ್ ಅಗಲದ ಕಟ್ಟಡಕ್ಕೆ ಸೆಕೆಂಡಿಗೆ 40 ಮೀಟರ್ ವೇಗದ ಗಾಳಿ ಬಡಿದರೆ ಈ ಎಡ-ಬಲದ ಒಂದು ಸುತ್ತಿಗೆ ಎಂಟರಿಂದ ಹತ್ತು ಸೆಕೆಂಡು ಹಿಡಿಯುತ್ತದೆ. ಅತಿ ಎತ್ತರದ ಕಟ್ಟಡದ ಸ್ವಂತ ಅವಧಿಯೂ ಅಷ್ಟೇ ಎನ್ನುವುದನ್ನು ಗಮನಿಸಿ. ಉಯ್ಯಾಲೆಯನ್ನು ಸರಿಯಾದ ಗಳಿಗೆಯಲ್ಲಿ ಮತ್ತೆ ಮತ್ತೆ ತಳ್ಳಿದಂತೆ, ಎರಡೂ ಅವಧಿಗಳು ಕೂಡಿಕೊಂಡರೆ ತೂಗಾಟ ಬೆಳೆಯುತ್ತಲೇ ಹೋಗುತ್ತದೆ.

ಹೀಗಾಗಿ ಇಂದಿನ ಎಂಜಿನಿಯರುಗಳು ತಲೆಕೆಡಿಸಿಕೊಳ್ಳುವುದು ಸುಳಿಗಳ ಒಗ್ಗಟ್ಟನ್ನು ಮುರಿಯುವುದು ಹೇಗೆಂದು. ತೈವಾನಿನ ತೈಪೆ 101 ಕಟ್ಟಡಕ್ಕೆ 508 ಮೀಟರ್ ಎತ್ತರ, 2004ರಲ್ಲಿ ಪೂರ್ಣಗೊಂಡದ್ದು. ಚೂಪು ಮೂಲೆಯ ಮಾದರಿಯನ್ನು ಗಾಳಿಸುರಂಗದಲ್ಲಿಟ್ಟಾಗ ಗಾಳಿಯ ಹೊರೆ ವಿಪರೀತ ಬಂತು. ಮೂಲೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಒಳಸರಿಸಿದಾಗ ಅದು ಸುಮಾರು ಕಾಲುಭಾಗ ಇಳಿಯಿತು. ಹೊಯ್ಸಳ ಮಂಟಪದ ಮೂಲೆಗಳ ನಕ್ಷೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಹೋಲಿಕೆ ತಟ್ಟನೆ ಕಾಣುತ್ತದೆ, ಉದ್ದೇಶ ಮಾತ್ರ ಬೇರೆ. ಅಷ್ಟೂ ಸಾಲದೆ ಮೇಲಂತಸ್ತುಗಳಲ್ಲಿ 660 ಟನ್ನಿನ ಉಕ್ಕಿನ ಗುಂಡನ್ನು ತೂಗುಬಿಟ್ಟಿದ್ದಾರೆ. ಕಟ್ಟಡ ಒಂದು ಕಡೆ ವಾಲಿದರೆ ಗುಂಡು ಹಿಂದುಳಿದು ಅದರ ಓಲಾಟವನ್ನು ತಗ್ಗಿಸುತ್ತದೆ.

632 ಮೀಟರಿನ ಶಾಂಘಾಯ್ ಟವರ್ ಇನ್ನೂ ನೇರವಾಗಿ ಅರಸೀಕೆರೆಯ ನಂಟನ್ನು ನೆನಪಿಸುತ್ತದೆ. ಅರಸೀಕೆರೆಯಲ್ಲಿ ಆಕೃತಿಯ ತಿರುವು ನೆಲದ ಮೇಲೆಯೇ ಮುಗಿಯುತ್ತದೆ. ಶಾಂಘಾಯಿಯಲ್ಲಿ ಏರುತ್ತ ಏರುತ್ತ ತಿರುಗುತ್ತದೆ: ಮೂಲೆ ದುಂಡಾದ ತ್ರಿಕೋನವೊಂದು ಬುಡದಿಂದ ತುದಿಗೆ ಬರುವಷ್ಟರಲ್ಲಿ ಸುಮಾರು 120 ಡಿಗ್ರಿ ಹೊರಳಿದೆ. ಒಂದೊಂದು ಎತ್ತರದಲ್ಲಿ ಮೂಲೆ ಒಂದೊಂದು ದಿಕ್ಕಿಗಿರುವುದರಿಂದ ಸುಳಿಗಳು ಮೇಲಿಂದ ಕೆಳಗಿನವರೆಗೆ ಒಂದೇ ತಾಳ ಹಿಡಿಯಲಾರವು. ಆಯತಾಕಾರದ ಕಟ್ಟಡಕ್ಕೆ ಹೋಲಿಸಿದರೆ ಗಾಳಿಯ ಹೊರೆ 24 ಪ್ರತಿಶತ ಕಡಿಮೆಯಾಯಿತು, ಅಷ್ಟರಮಟ್ಟಿಗೆ ಉಕ್ಕೂ ಉಳಿಯಿತು.

2010ರ ಜನವರಿ 4ರಂದು ಬಾಗಿಲು ತೆರೆದ ಬುರ್ಜ್ ಖಲೀಫಾ ಇಂದಿಗೂ ಎಲ್ಲಕ್ಕಿಂತ ಎತ್ತರ. ಎರಡನೆಯದಾದ ಕೌಲಾಲಂಪುರದ ಮೆರ್ಡೇಕಾ 118 ಅದಕ್ಕಿಂತ ಸುಮಾರು 150 ಮೀಟರ್ ಕೆಳಗಿದೆ. ಬುರ್ಜ್ ಖಲೀಫಾದ ವಾಸ್ತುಶಿಲ್ಪಿ ಏಡ್ರಿಯನ್ ಸ್ಮಿತ್, ರಚನಾ ಎಂಜಿನಿಯರ್ ಬಿಲ್ ಬೇಕರ್. ನಡುವೆ ಆರು ಮುಖದ ಕಾಂಕ್ರೀಟ್ ತಿರುಳು, ಅದರಿಂದ ಮೂರು ದಿಕ್ಕಿಗೆ ಮೂರು ರೆಕ್ಕೆ. ತಿರುಳು ಕಟ್ಟಡ ತಿರುಚದಂತೆ ಹಿಡಿಯುತ್ತದೆ, ರೆಕ್ಕೆಗಳು ತಿರುಳಿಗೆ ಒತ್ತುಗಂಬವಾಗುತ್ತವೆ. ಗಾಳಿ ಯಾವ ಕಡೆಯಿಂದ ಬಂದರೂ ಒಂದು ರೆಕ್ಕೆಗೆ ಉಳಿದೆರಡರ ಆಸರೆ. ಮೇಲೆ ಹೋದಂತೆ ರೆಕ್ಕೆಗಳು ಒಂದಾದ ಮೇಲೊಂದು, ಸುರುಳಿ ಸುತ್ತಿದ ಕ್ರಮದಲ್ಲಿ ಹಿಂದೆ ಸರಿಯುತ್ತವೆ. ಪ್ರತಿ ಸರಿತಕ್ಕೂ ಕಟ್ಟಡದ ಅಗಲ ಬದಲಾಗುತ್ತದೆ, ಅಗಲದ ಜೊತೆಗೆ ಸುಳಿಯ ಅವಧಿಯೂ ಬದಲಾಗುತ್ತದೆ. ಗಾಳಿಸುರಂಗದ ಪರೀಕ್ಷೆಗಳ ಮೇಲೆ ಸರಿತಗಳ ಆಕಾರವನ್ನು ತಿದ್ದಿದ್ದಲ್ಲದೆ ಕಟ್ಟಡದ ಮುಖದ ದಿಕ್ಕನ್ನೂ ತಿರುಗಿಸಿದರು. ಇಷ್ಟು ಮಾಡಿದ್ದರಿಂದ ತೈಪೆಯಲ್ಲಿರುವಂಥ ಗುಂಡು ಅಲ್ಲಿ ಬೇಕಾಗಲಿಲ್ಲ.

ಸೌದಿ ಅರೇಬಿಯಾದ ಜೆದ್ದಾದಲ್ಲಿ ಇದೇ ಏಡ್ರಿಯನ್ ಸ್ಮಿತ್ ರೂಪಿಸಿದ ಇನ್ನೊಂದು ಗೋಪುರ, ವರ್ಷಗಟ್ಟಲೆ ನಿಂತುಹೋಗಿದ್ದ ಕೆಲಸ 2025ರ ಜನವರಿಯಲ್ಲಿ ಮತ್ತೆ ಶುರುವಾಗಿ, ಒಂದು ಕಿಲೋಮೀಟರ್ ದಾಟುವ ಗುರಿಯಿಟ್ಟುಕೊಂಡು ಏರುತ್ತಿದೆ. ಅಲ್ಲಿಯೂ ಮೂರು ರೆಕ್ಕೆಗಳೇ. ಆದರೆ ಮೆಟ್ಟಿಲು ಸರಿತಗಳನ್ನು ಬಿಟ್ಟು, ಬುಡದಿಂದ ತುದಿಗೆ ನುಣುಪಾಗಿ ಕಿರಿದಾಗುವ ಇಳಿಜಾರು ಗೋಡೆಗಳನ್ನು ಆರಿಸಿಕೊಂಡಿದ್ದಾರೆ. ಅಗಲ ಪ್ರತಿ ಮೀಟರಿಗೂ ಬದಲಾಗುತ್ತದೆ, ಮೂರು ರೆಕ್ಕೆಗಳು ಮೂರು ಬೇರೆ ಎತ್ತರಗಳಲ್ಲಿ ಮುಗಿಯುತ್ತವೆ.