ಸೇವಂತಿಗೆಯೂ ಬೀದಿದೀಪವೂ

ಮಳೆಗಾಲ ಹಿಂದೆ ಸರಿದು ಮಾಗಿಯ ಚಳಿ ಕಾಲಿಡುವ ನಡುವಣ ದಿನಗಳಲ್ಲಿ ಮನೆಯ ಕೈತೋಟದ ಬಣ್ಣ ಕುಂದುವುದು ಸಹಜ. ಮಳೆಯಲ್ಲಿ ಹುಲುಸಾಗಿದ್ದ ಕರ್ಣಕುಂಡಲ, ಜಿನಿಯಾ ಗಿಡಗಳು ಒಣಗತೊಡಗುತ್ತವೆ. ಆ ಹೊತ್ತಿನಲ್ಲಿ ತೋಟಕ್ಕೆ ಮರಳಿ ಬಣ್ಣ ತರಬಲ್ಲ ಹೂಗಳಲ್ಲಿ ಸೇವಂತಿಗೆಗೆ ಅಗ್ರಸ್ಥಾನ. ಬೆಂಗಳೂರಿನ ಪಶ್ಚಿಮ ಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದಲ್ಲಿ ಮನೆ ಎದ್ದ ಮೇಲೆ ಉಳಿಯುವ ನೆಲ ಅತ್ಯಲ್ಪ. ಆದರೂ ಕಾಂಪೌಂಡು ಗೋಡೆಯ ಮಗ್ಗುಲಲ್ಲೋ ಮಹಡಿಯ ಮೇಲೋ ನಾಲ್ಕಾರು ಕುಂಡಗಳನ್ನಿಟ್ಟು ಸಾಕುವವರು ಬಹಳ ಮಂದಿ.

ಇಂತಹ ಮನೆಗಳಲ್ಲಿ ಒಂದು ವಿಚಿತ್ರವನ್ನು ಕಾಣುವುದುಂಟು. ಒಂದೇ ಕಡೆಯಿಂದ ತಂದ, ಒಂದೇ ಮಣ್ಣು ಗೊಬ್ಬರಗಳನ್ನುಂಡ ಎರಡು ಸೇವಂತಿಗೆ ಗಿಡಗಳಲ್ಲಿ ಮನೆಯ ಹಿಂದಿನದು ಮೈತುಂಬ ಹೂ ಹೊತ್ತಿರುತ್ತದೆ. ಗೇಟಿನ ಬಳಿಯದು ಎಲೆಯ ಮೇಲೆ ಎಲೆ ಬಿಟ್ಟು ಎತ್ತರಕ್ಕೆ ಬೆಳೆಯುತ್ತದೆಯೇ ಹೊರತು ಮೊಗ್ಗಿನ ಸುಳಿವನ್ನು ತೋರುವುದಿಲ್ಲ. ಮನೆಯವರು ಇನ್ನಷ್ಟು ಗೊಬ್ಬರ ಹಾಕಿ ನೋಡುತ್ತಾರೆ. ಕಡೆಗೆ, ಇದು ಹೂ ಬಿಡುವ ಜಾತಿಯಲ್ಲವೆಂದು ಕಿತ್ತೆಸೆಯುತ್ತಾರೆ. ಎಷ್ಟೋ ವೇಳೆ ದೋಷವಿರುವುದು ಗಿಡದಲ್ಲಲ್ಲ. ಅದರ ನೆತ್ತಿಯ ಮೇಲೆ ಇರುಳೆಲ್ಲ ಉರಿಯುವ ಬೀದಿದೀಪದಲ್ಲಿ. ಹೂವಿಗೂ ದೀಪಕ್ಕೂ ಏನು ಸಂಬಂಧವೆಂಬುದನ್ನು ವಿಚಾರಿಸೋಣ.

ಹೂ ಬಿಡುವ ಕಾಲವನ್ನು ಗಿಡವು ಚಳಿಯಿಂದ ತಿಳಿಯುತ್ತದೆಂದು ಯಾರಿಗಾದರೂ ತೋರಬಹುದು. ಆದರೆ ಚಳಿ ನಂಬತಕ್ಕ ಸೂಚನೆಯಲ್ಲ. ಒಂದು ವರ್ಷ ಬೇಗ ಬಂದರೆ ಇನ್ನೊಂದು ವರ್ಷ ತಡವಾಗುತ್ತದೆ. ವರ್ಷ ವರ್ಷವೂ ತಪ್ಪದೆ ಒಂದೇ ಕ್ರಮದಲ್ಲಿ ಬದಲಾಗುವುದು ಹಗಲಿರುಳುಗಳ ಅಳತೆ. ಭೂಮಿಯ ಅಕ್ಷವು ಸುಮಾರು 23.4 ಡಿಗ್ರಿ ವಾಲಿರುವುದೇ ಇದಕ್ಕೆ ಕಾರಣವೆಂಬುದನ್ನು ವಾಚಕರು ಬಲ್ಲರು. ಲಂಡನ್ ನಗರದಲ್ಲಿ ಹಗಲು ಬೇಸಗೆಯಲ್ಲಿ 16 ಗಂಟೆಯನ್ನು ಮೀರುತ್ತದೆ. ಚಳಿಗಾಲದಲ್ಲಿ 8 ಗಂಟೆಗಿಂತ ಕಿರಿದಾಗುತ್ತದೆ. 13 ಡಿಗ್ರಿ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಈ ವ್ಯತ್ಯಾಸ ಬಹಳ ಕಡಿಮೆ. ಜೂನ್ 21ರ ಸುಮಾರಿಗೆ ಇಲ್ಲಿಯ ಹಗಲು ಸುಮಾರು 12 ಗಂಟೆ 53 ನಿಮಿಷ; ಡಿಸೆಂಬರ್ 21ರ ಸುಮಾರಿಗೆ 11 ಗಂಟೆ 22 ನಿಮಿಷ. ಸೆಪ್ಟೆಂಬರ್ 23ರಿಂದ ಡಿಸೆಂಬರ್ 21ರವರೆಗೆ ಇರುಳು ಒಟ್ಟಿನಲ್ಲಿ ಬೆಳೆಯುವುದು ಮುಕ್ಕಾಲು ಗಂಟೆ, ಎಂದರೆ ದಿನಕ್ಕೆ ಸರಾಸರಿ ಅರ್ಧ ನಿಮಿಷ. ನಮ್ಮ ಗಮನಕ್ಕೆ ಬಾರದ ಈ ಬೆಳವಣಿಗೆಯನ್ನು ಗಿಡ ಗುರುತಿಸುತ್ತದೆ.

ಈ ಸಂಗತಿಯನ್ನು 1920ರಲ್ಲಿ ಲೋಕಕ್ಕೆ ತಿಳಿಸಿದವರು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು. ಬೇಸಗೆಯಲ್ಲಿ ಹೂ ಬಿಡದೆ ಬೆಳೆಯುತ್ತಲೇ ಹೋಗುತ್ತಿದ್ದ ಒಂದು ಹೊಗೆಸೊಪ್ಪಿನ ತಳಿಯನ್ನು ಅವರು ದಿನದ ಕೆಲವು ಗಂಟೆ ಕತ್ತಲೆಯಲ್ಲಿಟ್ಟರು. ಬೇಸಗೆಯಲ್ಲೇ ಅದು ಹೂ ಬಿಟ್ಟಿತು. ಇಂತಹ ಸಸ್ಯಗಳಿಗೆ ಅವರು 'ಕಿರುಹಗಲಿನ ಸಸ್ಯ'ಗಳೆಂದು ಹೆಸರಿಟ್ಟರು. ಸೇವಂತಿಗೆಯೂ ಈ ಗುಂಪಿಗೆ ಸೇರಿದುದು. ಆದರೆ 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬುವರು ಮುಳ್ಳುಕಾಯಿಯ ಒಂದು ಕಳೆಗಿಡದ ಮೇಲೆ ನಡೆಸಿದ ಪ್ರಯೋಗ ಆ ಹೆಸರನ್ನೇ ತಲೆಕೆಳಗು ಮಾಡಿತು. ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲೆ ಮಾಡಿದರೆ ಗಿಡಕ್ಕೆ ಏನೂ ಆಗಲಿಲ್ಲ. ಇರುಳಿನ ನಡುವೆ ಕೆಲವೇ ನಿಮಿಷ ಬೆಳಕು ಕೊಟ್ಟರೆ ಹೂವೇ ನಿಂತುಹೋಯಿತು. ಗಿಡ ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಕತ್ತಲೆಯನ್ನು. ಆದುದರಿಂದ ಸೇವಂತಿಗೆಯನ್ನು 'ದೀರ್ಘರಾತ್ರಿಯ ಸಸ್ಯ'ವೆಂದು ಕರೆಯುವುದೇ ಹೆಚ್ಚು ಸರಿ.

ಕತ್ತಲೆಯನ್ನು ಅಳೆಯಲು ಗಿಡಕ್ಕೆ ಬೆಳಕನ್ನು ಕಾಣುವ ಸಾಧನವಿರಬೇಕಷ್ಟೆ. ಅದು ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ. 1952ರಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು ಬೀಜಗಳ ಮೇಲೆ ಪ್ರಯೋಗ ನಡೆಸಿ ಅದರ ಸ್ವಭಾವವನ್ನು ಊಹಿಸಿದರು. 1959ರಲ್ಲಿ ಅದರ ಇರವು ಸಿದ್ಧವಾಯಿತು. ಇದಕ್ಕೆ ಎರಡು ರೂಪ. ಒಂದು ಸುಮಾರು 660 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕನ್ನು ಹೀರಿ ಇನ್ನೊಂದು ರೂಪವನ್ನು ತಾಳುತ್ತದೆ. ಆ ಎರಡನೆಯದು 730 ನ್ಯಾನೋಮೀಟರಿನ, ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ಕಡುಗೆಂಪನ್ನು ಹೀರಿ ಮೊದಲಿನಂತಾಗುತ್ತದೆ. ಬಿಸಿಲಿನಲ್ಲಿ ಎರಡನೆಯ ರೂಪ, ಎಂದರೆ ಕೆಲಸ ಮಾಡುವ ರೂಪ, ಧಾರಾಳವಾಗಿರುತ್ತದೆ. ಕತ್ತಲೆಯಲ್ಲಿ ಮೆಲ್ಲಮೆಲ್ಲನೆ ಕುಗ್ಗುತ್ತದೆ. ಗಿಡದೊಳಗಿನ ಗಡಿಯಾರವು ಈ ಸೂಚನೆಯನ್ನು ತನ್ನ ವೇಳೆಯೊಡನೆ ಹೋಲಿಸಿ ಇರುಳಿನ ಉದ್ದವನ್ನು ನಿರ್ಣಯಿಸುತ್ತದೆ.

ಎಲೆ ತಿಳಿದ ಸುದ್ದಿ ಕುಡಿಗೆ ಮುಟ್ಟುವುದು ಹೇಗೆ? ರಷ್ಯದ ಚೈಲಖ್ಯಾನ್ 1930ರ ದಶಕದಲ್ಲಿ ಸೇವಂತಿಗೆಯ ಮೇಲೆಯೇ ಪ್ರಯೋಗ ನಡೆಸಿ, ಎಲೆಯಿಂದ ಕುಡಿಗೆ ಹರಿಯುವ ಪ್ರಚೋದಕವೊಂದಿರಬೇಕೆಂದು ಸಾರಿದರು. ಅದೊಂದು ಪ್ರೋಟೀನೆಂದು 2007ರಲ್ಲಿ ಸ್ಪಷ್ಟವಾಯಿತು. 2013ರಲ್ಲಿ ಜಪಾನಿನ ವಿಜ್ಞಾನಿಗಳು ಇನ್ನೊಂದು ಅಂಶವನ್ನು ಕಂಡರು: ಇರುಳಿನಲ್ಲಿ ಬೆಳಕು ಬಿದ್ದರೆ ಸೇವಂತಿಗೆಯ ಎಲೆ ಹೂವನ್ನು ತಡೆಯುವ ಬೇರೊಂದು ಪ್ರೋಟೀನನ್ನು ತಯಾರಿಸುತ್ತದೆ. ಗೇಟಿನ ಬಳಿಯ ಗಿಡದ ಗುಟ್ಟು ಇದೇ.

ಬೀದಿದೀಪದ ಬೆಳಕು ಅಷ್ಟು ಪ್ರಬಲವೆ? ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್. ದೀಪದ ಅಡಿಯಲ್ಲಿ ಸಾಮಾನ್ಯವಾಗಿ 10-20 ಲಕ್ಸ್. ಗಿಡಕ್ಕೆ ಆಹಾರ ತಯಾರಿಸಲು ಇದು ಏನೂ ಸಾಲದು; ಆದರೆ ಸೂಚನೆ ಕೊಡಲು ಸಾಕಾಗಬಹುದು. ಹುಣ್ಣಿಮೆಯ ಬೆಳದಿಂಗಳು ಹೆಚ್ಚೆಂದರೆ ಕಾಲು ಲಕ್ಸ್‌ನಷ್ಟು. ಅದರಿಂದ ಸೇವಂತಿಗೆಗೆ ಬಾಧೆಯಿಲ್ಲ. ಚಿಕ್ಕಬಳ್ಳಾಪುರದ ಕಡೆಯ ರೈತರು ಈ ತತ್ತ್ವವನ್ನೇ ಬೇಕೆಂದು ಬಳಸುತ್ತಾರೆ: ರಾತ್ರಿ ಹೊಲದಲ್ಲಿ ಸಾಲುಸಾಲಾಗಿ ಬಲ್ಬುಗಳನ್ನು ಉರಿಸಿ, ಗಿಡವನ್ನು ಮೊದಲು ಎತ್ತರಕ್ಕೆ ಬೆಳೆಸಿ, ಹೂವನ್ನು ತಮಗೆ ಬೇಕಾದ ಕಾಲಕ್ಕೆ ಮುಂದೂಡುತ್ತಾರೆ. ಅವರಿಗೆ ಉಪಾಯವಾದುದು ನಮ್ಮ ಗೇಟಿನ ಬಳಿ ಅಪಾಯವಾಗಿದೆ.

ಪರಿಹಾರ ಸುಲಭ. ಒಂದು ಬಿಂದುವಿನಿಂದ ಹೊರಡುವ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕ್ಷೀಣಿಸುತ್ತದೆ. ದೀಪದಿಂದ 8 ಮೀಟರ್ ದೂರದ ಕುಂಡವನ್ನು 16 ಮೀಟರಿಗೆ ಸರಿಸಿದರೆ ಬೆಳಕು ನಾಲ್ಕನೆಯ ಒಂದು ಪಾಲಾಗುತ್ತದೆ. ಗೋಡೆಯ ಮರೆ ಇದಕ್ಕಿಂತ ಉತ್ತಮ. ಆದರೆ ಮರೆ ಹುಡುಕುವಾಗ ಹಗಲಿನ ಬಿಸಿಲನ್ನು ಕಳೆದುಕೊಳ್ಳಬಾರದು. ಡಿಸೆಂಬರಿನ ನಡುಹಗಲಲ್ಲಿ ಸೂರ್ಯ ನಮಗೆ ದಕ್ಷಿಣದಲ್ಲಿ, ಸುಮಾರು 53.6 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣಕ್ಕೆ 9 ಮೀಟರ್ ಎತ್ತರದ ಕಟ್ಟಡವಿದ್ದರೆ ಅದರ ನೆರಳು ಆಗ 6.6 ಮೀಟರಿನವರೆಗೆ ಚಾಚುತ್ತದೆ. ಅಂತಹ ಮನೆಯವರಿಗೆ ಮಹಡಿಯೇ ಗತಿ. ಅಲ್ಲಿಯೂ ದೀಪದ ಕಾಟವಿದ್ದರೆ ಸಂಜೆ 6 ಗಂಟೆಗೆ ರಟ್ಟಿನ ಪೆಟ್ಟಿಗೆಯನ್ನೋ ದಪ್ಪ ಕರಿಬಟ್ಟೆಯನ್ನೋ ಗಿಡಕ್ಕೆ ಹೊದಿಸಿ ಬೆಳಿಗ್ಗೆ 7 ಗಂಟೆಗೆ ತೆಗೆಯಬೇಕು. ಮೊಗ್ಗಿನಲ್ಲಿ ಬಣ್ಣ ಕಾಣುವವರೆಗೆ ಒಂದು ರಾತ್ರಿಯೂ ತಪ್ಪಿಸಬಾರದು. ತಳಿಯನ್ನು ಅನುಸರಿಸಿ 7ರಿಂದ 10 ವಾರ ಬೇಕಾಗುವುದರಿಂದ, ದೀಪಾವಳಿಗೆ ಆರಂಭಿಸಿದವರು ಸಂಕ್ರಾಂತಿಯ ಹೊತ್ತಿಗೆ ಹೂವನ್ನು ನಿರೀಕ್ಷಿಸಬಹುದು.

ಈ ಉಪಚಾರ ಪಾಯಿನ್ಸೆಟಿಯಾ ಗಿಡಕ್ಕೂ ಸಲ್ಲುತ್ತದೆ. ಅದರ ಕೆಂಪು ಹೂವಿನ ಎಸಳಲ್ಲ, ಬಣ್ಣ ತಾಳಿದ ಎಲೆ. ನಿಜವಾದ ಹೂಗಳು ನಡುವಣ ಹಳದಿ ಗುಂಡುಗಳಲ್ಲಿವೆ. ಚಳಿಯೂ ನಮಗೆ ನೆರವಾಗುತ್ತದೆ. ಬಿಸಿ ರಾತ್ರಿಗಳಲ್ಲಿ ಗಿಡವು ಹಗಲು ಕೂಡಿಟ್ಟ ಸಕ್ಕರೆಯನ್ನು ಉಸಿರಾಟಕ್ಕೇ ಹೆಚ್ಚಾಗಿ ವೆಚ್ಚಮಾಡುತ್ತದೆ. ತಂಪು ರಾತ್ರಿಗಳಲ್ಲಿ ಅದು ಉಳಿದು, ಕೆಂಪು ನೇರಳೆ ಬಣ್ಣಗಳ ಆಂಥೋಸಯಾನಿನ್ ಹೆಚ್ಚು ಉಂಟಾಗುತ್ತದೆ. ಮಾಗಿಯ ಸೇವಂತಿಗೆಯ ಕೆಂಪು ಗಾಢವಾಗಿರುವುದು ಇದರಿಂದಲೇ.

ಹಾಗೆಂದು ಬೀದಿದೀಪಗಳನ್ನು ಆರಿಸಿಬಿಡಿರೆಂದು ಯಾರೂ ಹೇಳಲಾರರು. ಇರುಳಿನಲ್ಲಿ ಕೆಲಸದಿಂದ ಮರಳುವ ಹೆಣ್ಣುಮಕ್ಕಳಿಗೂ ಕಣ್ಣು ಮಂದವಾದ ವೃದ್ಧರಿಗೂ ಆ ಬೆಳಕು ಅತ್ಯವಶ್ಯ. ಬೆಳಕು ರಸ್ತೆಯ ಮೇಲೆ ಮಾತ್ರ ಬೀಳುವಂತೆ ದೀಪಕ್ಕೆ ಮುಚ್ಚಳ ತೊಡಿಸಿದರೆ ದಾರಿಹೋಕನಿಗೂ ಲಾಭ, ಗಿಡಕ್ಕೂ ಕ್ಷೇಮ.

ವಿದ್ಯಾರ್ಥಿಗಳು ಇದನ್ನೆಲ್ಲ ಕೇವಲ ಓದಿ ನಂಬಬೇಕಾಗಿಲ್ಲ. ಒಂದೇ ತಳಿಯ ನಾಲ್ಕು ಸೇವಂತಿಗೆ ಸಸಿಗಳು, ಎರಡು ರಟ್ಟಿನ ಪೆಟ್ಟಿಗೆಗಳು, ಒಂದು ಟಿಪ್ಪಣಿ ಪುಸ್ತಕ ಇವಿಷ್ಟೇ ಸಲಕರಣೆ. ನಾಲ್ಕನ್ನೂ ದೀಪದ ಬಳಿಯಿಟ್ಟು, ಎರಡಕ್ಕೆ ಮಾತ್ರ ಇರುಳಿನಲ್ಲಿ ಪೆಟ್ಟಿಗೆ ಮುಚ್ಚಿ, ಪ್ರತಿಯೊಂದರಲ್ಲಿ ಮೊದಲ ಮೊಗ್ಗು ಕಂಡ ದಿನವನ್ನು ಬರೆದಿಡಿ. ಹೂ ಬಿಡದ ಗಿಡವನ್ನು ಕೀಳುವ ಮುನ್ನ ಅದಕ್ಕೆ ಎಂಟು ಹತ್ತು ವಾರಗಳ ಕತ್ತಲೆಯನ್ನು ಕೊಟ್ಟು ನೋಡಿ.